ಕಂಚಿನ ತಟ್ಟೆ ಎತ್ತಿಟ್ಟ ನೇಕಾರ

“ಮೇಷ್ಟ್ರೇ, ತಂತಿ ಬೆಸೆಯೋಕೆ ನಂಬಬಹುದಾದ ಸೋಲ್ಡರಿಂಗ್ ಸ್ಟೇಷನ್ ಅಂದರೆ ಯಾವುದು? ಅಂಗಡಿ ತುಂಬ ಇವೆ. ಒಂದಕ್ಕಿಂತ ಒಂದು ಚೆನ್ನಾಗಿ ಕಾಣುತ್ತೆ.”

ಹೀಗೆ ಕೇಳಿದವನು ದಯಾನಂದ. ಪಟ್ಟಾಭಿ ಮೇಷ್ಟ್ರ ಮನೆಗೆ ರೇಡಿಯೊ ಕೆಲಸ ಕಲಿಯಲು ಬರುತ್ತಿದ್ದ ಶಿಷ್ಯ. ಮೇಷ್ಟ್ರಿಗೆ ಅಂಗಡಿಯ ಮಾತೆಂದರೆ ಅಷ್ಟಕ್ಕಷ್ಟೆ. ಅವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಂಡರು.

“ತಗೊಂಡು ಏನು ಮಾಡ್ತೀಯ?”

“ದೊಡ್ಡದೇನಿಲ್ಲ ಮೇಷ್ಟ್ರೇ, ಹವ್ಯಾಸಕ್ಕೆ ಅಷ್ಟೆ. ಮೊದಲು ಅಕ್ಕನಿಗೆ ಒಂದು ದೀಪ ಮಾಡಿಕೊಡೋಣ ಅಂತ. ಅವಳಿಗೆ ಕಿವಿ ಕೇಳಿಸೋಲ್ಲವಲ್ಲ, ಮಗು ಅತ್ತರೆ ಹತ್ತಿಕೊಳ್ಳೋ ದೀಪ. ಈಗ ತೊಟ್ಟಿಲ ಹಗ್ಗಾನ ಮಣಿಕಟ್ಟಿಗೆ ಕಟ್ಟಿಕೊಂಡೇ ಇರ್ತಾಳೆ. ಮಗು ಕೈಕಾಲು ಬಡಿದರೆ ಹಗ್ಗ ಜಗ್ಗುತ್ತೆ, ಆಗ ಗೊತ್ತಾಗುತ್ತೆ.”

“ಹವ್ಯಾಸ,” ಎಂದರು ಮೇಷ್ಟ್ರು. ಆಮೇಲೆ ಈ ಕತೆ ಹೇಳಿದರು.

ಒಬ್ಬ ನೇಕಾರನಿದ್ದ. ಮನೆಯ ಮುಂದಿನ ಕೋಣೆಯಲ್ಲಿ ಅವನ ವಿದ್ಯುತ್ ಮಗ್ಗ, ಹಿಂದಿನ ಕೋಣೆಯಲ್ಲಿ ಅವನ ತಂದೆ. ತಂದೆಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಗಿತ್ತು. ಮಗ್ಗ ಓಡುವಾಗ ಎಷ್ಟು ಕೂಗಿದರೂ ಮಗನಿಗೆ ಕೇಳಿಸುತ್ತಿರಲಿಲ್ಲ. ಅದಕ್ಕೆ ಮುದುಕನ ಪಕ್ಕದಲ್ಲಿ ಒಂದು ಕಂಚಿನ ತಟ್ಟೆ ಇಟ್ಟಿದ್ದರು. ನೀರು ಬೇಕಾದರೆ, ಮಗ್ಗುಲು ಬದಲಿಸಬೇಕಾದರೆ ಅವನು ಎಡಗೈಯಲ್ಲಿ ಲೋಟ ಹಿಡಿದು ತಟ್ಟೆ ಬಡಿಯುತ್ತಿದ್ದ. ಆ ಸದ್ದು ಮಗ್ಗದ ಸದ್ದನ್ನೂ ಸೀಳಿಕೊಂಡು ಬರುತ್ತಿತ್ತು. ಮಗ ಮಗ್ಗ ನಿಲ್ಲಿಸಿ ಹೋಗುತ್ತಿದ್ದ.

ನೇಕಾರನಿಗೆ ಇದು ನಾಚಿಕೆ ಎನಿಸುತ್ತಿತ್ತು. ಹೆತ್ತ ತಂದೆ ತಟ್ಟೆ ಬಡಿದು ಬೇಡುವಂತಾಯಿತಲ್ಲ ಎಂದು ಕೊರಗುತ್ತಿದ್ದ. ಬಿಡುವಿನಲ್ಲಿ ತಂತಿ, ಬಲ್ಬು ಜೋಡಿಸಿ ಏನಾದರೂ ಮಾಡುವ ಹುಚ್ಚು ಅವನಿಗೂ ಇತ್ತು, ನಿನ್ನ ಹಾಗೆಯೇ. ತಂದೆ ಮಲಗಿದಲ್ಲಿಯೇ ಉದ್ದ ತಂತಿಯ ತುದಿಯ ಗುಂಡಿ ಒತ್ತಿದರೆ ಮಗ್ಗದ ಮೇಲೆ ದೀಪ ಹತ್ತುವಂತೆ ಮಾಡಬೇಕೆಂದುಕೊಂಡ. ಅದಕ್ಕಾಗಿ ಸೋಲ್ಡರಿಂಗ್ ಸ್ಟೇಷನ್ ಕೊಳ್ಳಲು ವ್ಯಾಪಾರಿಯ ಹತ್ತಿರ ಹೋದ.

ವ್ಯಾಪಾರಿ ಎರಡನ್ನು ಮುಂದಿಟ್ಟ. ಮೊದಲನೆಯದು ಕಣ್ಣು ಮಿಟುಕಿಸುವುದರೊಳಗೆ ಕಾಯಿತು. ಎಷ್ಟು ಕಾದಿದೆ ಎಂದು ನೀಲಿ ಅಂಕಿಯಲ್ಲಿ ತೋರಿಸಿತು. ಇನ್ನೊಂದು ಭಾರದ್ದು. ತಿರುಗಿಸುವ ಒಂದು ಬಿರಡೆ ಬಿಟ್ಟರೆ ಅದರಲ್ಲಿ ನೋಡುವುದಕ್ಕೆ ಏನೂ ಇರಲಿಲ್ಲ. ಕಾಯುವುದಕ್ಕೂ ಹೊತ್ತು ತೆಗೆದುಕೊಂಡಿತು.

ವ್ಯಾಪಾರಿ ಒಂದು ದಪ್ಪ ತಾಮ್ರದ ಪಟ್ಟಿ ಮುಂದೆ ಹಿಡಿದ. “ಗಾಳೀಲಿ ಎಲ್ಲಾದ್ರದ್ದೂ ಮೊನೆ ಕಾಯುತ್ತೆ ಸ್ವಾಮಿ. ಇದರ ಮೇಲೆ ಒಂಚೂರು ಬೆಸುಗೆ ಸೀಸ ಕರಗಿಸಿ ನೋಡಿ. ಯಾವುದು ತಣ್ಣಗಾಗುತ್ತೆ ಅಂತ ನಿಮಗೇ ತಿಳಿಯುತ್ತೆ.”

“ಅಂಕಿ ಕಾಣಿಸ್ತಾ ಇದೆಯಲ್ಲಪ್ಪ, ಇನ್ನೇನು ನೋಡೋದು?” ಎಂದು ನೇಕಾರ ಮೊದಲನೆಯದನ್ನೇ ಕಟ್ಟಿಸಿಕೊಂಡ.

ಮನೆಗೆ ಬಂದು ಕೆಲಸಕ್ಕೆ ಕೂತ. ಸಣ್ಣ ತಂತಿಗಳು ಚೆನ್ನಾಗಿಯೇ ಬೆಸೆದುಕೊಂಡವು. ಕೊನೆಯದು ದೀಪದ ಬುಡದ ದಪ್ಪ ಹಿತ್ತಾಳೆ. ಅದಕ್ಕೆ ತಾಗಿದ ಕೂಡಲೇ ಮೊನೆಯ ಕಾವು ಇಳಿದುಹೋಯಿತು. ಸೀಸ ಹರಡಲಿಲ್ಲ. ಕೆಸುವಿನೆಲೆಯ ಮೇಲಿನ ನೀರಿನಂತೆ ಉಂಡೆಯಾಗಿ ನಿಂತಿತು. ನೇಕಾರ ಅದನ್ನು ನೋಡಿದ, ಯಾಕೋ ಸರಿಯಿಲ್ಲ ಎಂದೂ ಅನಿಸಿತು. ತಿರುಗಿ ಅಂಕಿಯ ಕಡೆ ನೋಡಿದ. ಮೊನೆ ತಣ್ಣಗಾಗಿದ್ದರೂ ಅಂಕಿ ಇದ್ದಲ್ಲೇ ಇತ್ತು. ಅಂಕಿ ಸರಿಯಿದ್ದ ಮೇಲೆ ಬೆಸುಗೆಯೂ ಸರಿಯಿರಬೇಕು ಎಂದುಕೊಂಡು ಮುಚ್ಚಳ ಹಾಕಿದ.

ತಂದೆ ಗುಂಡಿ ಒತ್ತಿದ. ದೀಪ ಹತ್ತಿತು. ಮುದುಕನ ಮುಖದಲ್ಲಿ ಎಷ್ಟೋ ದಿನದ ಮೇಲೆ ನಗು ಬಂತು. ಮಗ ಕಂಚಿನ ತಟ್ಟೆಯನ್ನು ತೊಳೆದು, ಒರೆಸಿ, ಅಟ್ಟದ ಮೇಲೆ ಎತ್ತಿಟ್ಟ. “ಇನ್ನು ನೀನು ಬಡೀಬೇಕಾಗಿಲ್ಲ ಕಣಪ್ಪ. ಒತ್ತು ಸಾಕು, ಬರ್ತೀನಿ,” ಎಂದ.

ಕೆಲವು ದಿನ ಹಾಗೆಯೇ ನಡೆಯಿತು. ಆದರೆ ಮಗ್ಗ ನಡುಗುವ ಯಂತ್ರ. ಅದರ ಮೇಲಿದ್ದ ದೀಪವೂ ದಿನವಿಡೀ ನಡುಗುತ್ತಿತ್ತು.

ಒಂದು ಬೆಳಿಗ್ಗೆ ನೇಕಾರ ಅವಸರದ ಸೀರೆಯೊಂದನ್ನು ನೇಯುತ್ತಿದ್ದ. ನಡುನಡುವೆ ದೀಪದ ಕಡೆ ನೋಡುತ್ತಿದ್ದ. ಅದು ಹತ್ತಲಿಲ್ಲ. ಅಪ್ಪ ಹಾಯಾಗಿ ಮಲಗಿದ್ದಾನೆ ಎಂದುಕೊಂಡ. ಊಟದ ಹೊತ್ತಿಗೆ ಒಳಗೆ ಹೋದರೆ ತಂದೆ ನೆಲದ ಮೇಲಿದ್ದ. ನೀರಿಗೆ ಕೈ ಚಾಚಲು ಹೋಗಿ ಜಾರಿ ಬಿದ್ದಿದ್ದ. ತಲೆಗೆ ಪೆಟ್ಟಾಗಿತ್ತು. ಬಿದ್ದ ಮೇಲೂ ತಂತಿ ಎಳೆದುಕೊಂಡು ಒತ್ತಿದ್ದ, ಎಡಗೈಯ ಹೆಬ್ಬೆರಳು ಇನ್ನೂ ಗುಂಡಿಯ ಮೇಲೆಯೇ ಇತ್ತು.

ಮಗ ಎತ್ತಿ ತೊಡೆಯ ಮೇಲೆ ಮಲಗಿಸಿಕೊಂಡ. ಮುದುಕ ಕಣ್ಣು ತೆರೆದ.

“ಒತ್ತಿದ್ನಪ್ಪಾ,” ಎಂದ. “ಕೆಲ್ಸ ಬಿಟ್ಟು ಬರೋಕಾಗ್ತಿಲ್ಲವೇನೋ ಅಂದ್ಕೊಂಡೆ.”

ಮಗ ತಂದೆಯ ಬಾಯಿಗೆ ನೀರು ಬಿಟ್ಟ. ತಂದೆ ಅದಾದ ಮೇಲೆ ಬಹಳ ಹೊತ್ತು ಉಳಿಯಲಿಲ್ಲ.

ಕರ್ಮಾಂತರ ಮುಗಿದ ಮೇಲೆ ನೇಕಾರ ದೀಪದ ಮುಚ್ಚಳ ತೆಗೆದು ಆ ದಪ್ಪ ಬೆಸುಗೆಯನ್ನು ಮುಟ್ಟಿದ. ತಂತಿ ಕೈಯಲ್ಲೇ ಬಂತು. ಸೀಸದ ಉಂಡೆ ಮೊದಲ ದಿನದಂತೆಯೇ ಹೊಳೆಯುತ್ತಿತ್ತು. ಅದು ಹಿತ್ತಾಳೆಯನ್ನೂ ಹಿಡಿದಿರಲಿಲ್ಲ, ತಂತಿಯನ್ನೂ ಹಿಡಿದಿರಲಿಲ್ಲ. ಅವನು ಅಟ್ಟ ಹತ್ತಿ ಕಂಚಿನ ತಟ್ಟೆ ಇಳಿಸಿದ. ಅದನ್ನು ಮಡಿಲಲ್ಲಿಟ್ಟುಕೊಂಡು ಅತ್ತ.

ಮೇಷ್ಟ್ರು ಕತೆಯನ್ನು ಅಲ್ಲಿಗೆ ಬಿಟ್ಟರು. ದಯಾನಂದ ಎದ್ದು ನಿಂತ.

“ಹಾಗಾದರೆ ಭಾರದ್ದನ್ನೇ ನೋಡ್ತೀನಿ ಮೇಷ್ಟ್ರೇ. ತಾಮ್ರದ ಪಟ್ಟಿ ನಾನೇ ತಗೊಂಡು ಹೋಗಿ, ಅದರ ಮೇಲೆ ಸೀಸ ಹರಡಿದರೆ ಮಾತ್ರ ಕೊಳ್ತೀನಿ. ಹವ್ಯಾಸಕ್ಕೆ ಅಷ್ಟಾದರೆ ಸಾಕಲ್ವಾ?”

ಮೇಷ್ಟ್ರು ಕನ್ನಡಕ ಹಾಕಿಕೊಂಡು ಅವನ ಮುಖವನ್ನೇ ನೋಡಿದರು.

“ಹವ್ಯಾಸ ಅಂತೀಯಲ್ಲ, ನಿನ್ನ ದೀಪ ಹತ್ತಿದ ದಿನ ನಿನ್ನ ಅಕ್ಕ ಮಣಿಕಟ್ಟಿನ ಹಗ್ಗ ಬಿಚ್ಚಿಡ್ತಾಳೆ ಕಣೋ, ಆ ನೇಕಾರ ತಟ್ಟೆ ಎತ್ತಿಟ್ಟ ಹಾಗೆ.”