ಉರಿಕಟ್ಟಳೆಯ ತಾಮ್ರಪಟ

"ಪಕ್ಕದ ಸಂಸ್ಥಾನದ ಆ ಬೊಜ್ಜುಹೊಟ್ಟೆ ದೊರೆಗೆ ತಾಮ್ರಪಟ ಸಿಕ್ಕಿದೆಯಂತೆ! ನಮಗೇನು ಕಡಿಮೆಯಾಗಿದೆ? ಬರುವ ಹುಣ್ಣಿಮೆಯೊಳಗೆ ಅಂಥದೊಂದು ನಮ್ಮ ಸಿಂಹಾಸನದ ಮೇಲೆ ತೂಗಬೇಕು!"

ಕಂಚಿಕೆರೆಯ ದೊರೆ ಗಿರಿಯಪ್ಪನಾಯಕ ತುಂಬಿದ ಸಭೆಯಲ್ಲಿ ತೊಡೆ ತಟ್ಟಿ ಗುಡುಗಿದ. ಆಸ್ಥಾನದ ವಿದೂಷಕ ಕೊಟ್ರಯ್ಯ ಬಂದ ಆಕಳಿಕೆಯನ್ನು ಅಂಗೈಯಲ್ಲಿ ಮುಚ್ಚಿಕೊಂಡ.

ಸಂಗತಿ ಇಷ್ಟೇ. ಚಕ್ರವರ್ತಿಗಳು ಹೊಸದಾಗಿ ಒಂದು ಉರಿಕಟ್ಟಳೆ ಹೊರಡಿಸಿದ್ದರು. ಅರಮನೆಯಲ್ಲಿ ಎಲ್ಲೆಲ್ಲಿ ಒಲೆ ಉರಿಯುತ್ತದೆ, ಎಲ್ಲೆಲ್ಲಿ ದೀಪ ಉರಿಯುತ್ತದೆ, ಯಾತಕ್ಕೆ ಉರಿಯುತ್ತದೆ ಅಂತ ನೋಡಬೇಕು. ದಂಡಕ್ಕೆ ಉರಿಯುವುದನ್ನು ನಿಲ್ಲಿಸಬೇಕು. ಹಾಗೆ ನಡೆದವರಿಗೆ ಪರೀಕ್ಷಕರು ಬಂದು ತಾಮ್ರಪಟ ಕೊಟ್ಟು ಹೋಗುತ್ತಾರೆ. ಕಟ್ಟಳೆ ಒಳ್ಳೆಯದೇ ಕಣ್ರೀ. ಆದರೆ ಅದು ಪ್ರಧಾನಿ ಶೇಷಗಿರಿಪಂತರ ಕೈಗೆ ಸಿಕ್ಕಿತಲ್ಲ, ಅಲ್ಲಿಗೆ ಮುಗಿಯಿತು ಕತೆ!

ಪಂತರು ನೋಡುವ ಗೋಜಿಗೇ ಹೋಗಲಿಲ್ಲ. ಕಂಡ ಕಂಡಲ್ಲೆಲ್ಲ ಸೌದೆ, ಎಣ್ಣೆ ಅರ್ಧಕ್ಕೆ ಇಳಿಸಿದರು. ಮೊಗಸಾಲೆಯ ದೀಪ ಆರಿತು, ಕಾವಲಿನವರು ಒಬ್ಬರಿಗೊಬ್ಬರು ಡಿಕ್ಕಿ ಹೊಡೆದು "ಕಳ್ಳ! ಕಳ್ಳ!" ಅಂತ ತಬ್ಬಿಕೊಂಡರು. ಬೇಯದ ಹುರುಳಿ ತಿಂದ ಪಟ್ಟದಾನೆ ಮಾವುತನ ಮುಖ ನೋಡುವುದನ್ನೇ ಬಿಟ್ಟಿತು. ಅರೆಬೆಂದ ಅವರೆಕಾಳು ತಿಂದ ಮಂತ್ರಿಗಳು ಹೊಟ್ಟೆ ಹಿಡಿದುಕೊಂಡೇ "ಭೇಷ್, ಭೇಷ್" ಅಂದರು.

ಬಾಯಿಬಿಟ್ಟವಳು ಅಡುಗೆಮನೆಯ ಹೊನ್ನವ್ವ ಒಬ್ಬಳೇ. "ಸ್ವಾಮಿ, ಅರ್ಧ ಸೌದೇಲಿ ಅನ್ನಾನೂ ಅರ್ಧವೇ ಬೇಯೋದು."

"ಎದುರು ಮಾತಾಡ್ತೀಯಾ? ಇಡೀ ಅರಮನೆಯ ಸೌದೆ ನುಂಗ್ತಿರೋಳೇ ನೀನು! ನಿನ್ನ ಒಲೆ ಇವತ್ತಿಂದ ಬಂದ್. ಬೆಂದ ಅನ್ನ ಛತ್ರದಿಂದ ಬರುತ್ತೆ. ನಾಳೆ ಸಂಜೆಯೊಳಗೆ ಗಂಟುಮೂಟೆ ಕಟ್ಟು!" ಅಂದರು ಪಂತರು. ದೊರೆಯೂ ತಲೆಯಾಡಿಸಿಬಿಟ್ಟ.

ಹೊನ್ನವ್ವ ಕೊಟ್ರಯ್ಯನ ಮನೆ ಜಗಲಿಯ ಮೇಲೆ ಕುಸಿದು ಕೂತಳು. "ಗಂಡ ಹೋದಮೇಲೆ ಆ ಒಲೆ ನಂಬ್ಕೊಂಡೇ ಮಕ್ಕಳನ್ನ ಸಾಕಿದೀನಿ ಕಣಪ್ಪಾ. ಈಗ ಯಾರ ಬಾಗಿಲಿಗೆ ಹೋಗ್ಲಿ?"

ಅವಳ ಕೈಯ ಅನ್ನ ಉಂಡು ಬೆಳೆದವನು ಕೊಟ್ರಯ್ಯ. ಅವನಿಗೆ ಸಿಟ್ಟು ಬಂತು. "ಅಳಬೇಡವ್ವಾ. ನಾಳೆ ಮಧ್ಯಾಹ್ನದ ತನಕ ಗಂಟು ಕಟ್ಟಬೇಡ," ಅಂದ.

ಮರುದಿನ ಹೊತ್ತೇರಿತ್ತು. ದೊರೆ ಇನ್ನೂ ಪಗಡೆ ಆಡುತ್ತಿದ್ದ. ಕೊಟ್ರಯ್ಯ ಕೈಮುಗಿದು ನಿಂತ.

"ಮಹಾಸ್ವಾಮಿ, ಪರೀಕ್ಷಕರ ಮುಂದೆ ತಬ್ಬಿಬ್ಬಾದ್ರೆ ಮಾನ ಹೋಗುತ್ತೆ. ಮೊದಲು ನಾವೇ ಒಂದ್ಸಲ ಆಡಿ ನೋಡಿದ್ರೆ ಹೇಗೆ? ಆದ್ರೆ ಪರೀಕ್ಷಕನಾಗೋಕೆ ಹದ್ದಿನ ಕಣ್ಣಿರಬೇಕು, ಯಾರಿಗೂ ಹೆದರಬಾರದು. ಅಂಥವರು ನಮ್ಮಲ್ಲಿ ಯಾರಿದಾರೆ ಅನ್ನೋದೇ ಯೋಚನೆ."

"ಯಾಕೆ, ನಾನು ಸತ್ತು ಹೋಗಿದೀನೇನೋ?" ದೊರೆ ಎದ್ದೇ ನಿಂತ. "ನಾನೇ ಪರೀಕ್ಷಕ!"

"ಹಾಗಾದ್ರೆ ದೊರೆ ಯಾರು?"

"ನೀನೇ ಆಗು. ಕೇಳಿದ್ದಕ್ಕೆ ಉತ್ತರ ಹೇಳ್ಕೊಂಡು ಜೊತೆಗೆ ಬಾ."

ಹೊರಟಿತು ಮೆರವಣಿಗೆ. ಮುಂದೆ ಮೀಸೆ ತಿರುವುತ್ತ ಪರೀಕ್ಷಕ, ಪಕ್ಕದಲ್ಲಿ ಎದೆಯುಬ್ಬಿಸಿಕೊಂಡು ಕೊಟ್ರಯ್ಯದೊರೆ, ಹಿಂದೆ ಪಂತರು. ಅಡುಗೆಮನೆಯಲ್ಲಿ ಒಲೆ ತಣ್ಣಗಿತ್ತು.

"ನೋಡಿ, ಒಂದು ಕಿಡಿ ಇಲ್ಲ!" ಪಂತರು ಹಿಗ್ಗಿದರು.

"ಮತ್ತೆ ಅಲ್ಲಿ ಹಿಂದುಗಡೆ ಏಳ್ತಿರೋ ಹೊಗೆ ಏನು?" ಅಂದ ಪರೀಕ್ಷಕ.

ಪಂತರ ಮುಖ ಬಿಳಿಚಿಕೊಂಡಿತು. "ಅದಾ... ಅದನ್ನ ಬಿಡಿ, ಅದು ಕಟ್ಟಳೆಗೆ ಸೇರೋದಿಲ್ಲ."

"ಸೇರೋದಿಲ್ವಂತೆ! ಹೊಗೆಯಲ್ಲೂ ಬೇರೆ ಬೇರೆ ಜಾತಿ ಇದೆಯೇನ್ರೀ?" ಪರೀಕ್ಷಕ ಹಿತ್ತಲಿಗೆ ನುಗ್ಗಿದ. ಪಾಪ, ಹುಟ್ಟಿದಾಗಿನಿಂದ ಆ ಹಿತ್ತಲಿಗೆ ಅವನು ಕಾಲಿಟ್ಟಿದ್ದೇ ಇಲ್ಲ.

ಅಲ್ಲಿ ಒಂದು ದೊಡ್ಡ ಹಂಡೆ. ಕೆಳಗೆ ಒಲೆ ಧಗಧಗ ಉರಿಯುತ್ತಿತ್ತು. ನೀರು ಕುದಿದು ಉಕ್ಕುತ್ತಿತ್ತು. ಒಬ್ಬ ಆಳು ತಣ್ಣೀರು ಸುರಿಯುತ್ತಿದ್ದ, ಇನ್ನೊಬ್ಬ ಸೌದೆ ತುರುಕುತ್ತಿದ್ದ.

"ಯಾವಾಗಿಂದ ಉರೀತಿದೆಯೋ ಇದು?"

"ಕೋಳಿ ಕೂಗೋಕೆ ಮುಂಚೆಯಿಂದ, ಬುದ್ಧಿ," ಅಂದ ಆಳು. "ದಿನಾ ಹೀಗೇನೇ."

ಪರೀಕ್ಷಕ ಕೊಟ್ರಯ್ಯದೊರೆಯ ಕಡೆ ತಿರುಗಿದ. "ಯಾರ ಸ್ನಾನಕ್ಕಯ್ಯಾ ಈ ನೀರು?"

"ನಮ್ಮ ಸ್ನಾನಕ್ಕೇ," ಕೊಟ್ರಯ್ಯ ಗತ್ತಿನಿಂದ ಅಂದ. "ನಸುಕಿನಲ್ಲೇ ಬರ್ತೀವಿ ಅಂದಿದ್ವಿ. ನಿದ್ದೆ ಬಂತು. ಆಮೇಲೆ ಪಗಡೆ ಹಾಸಿದ್ರು. ಮನಸ್ಸು ಬಂದಾಗ ಮೀಯ್ತೀವಿ. ಅಲ್ಲೀತನಕ ಕುದೀಲಿ, ನಮ್ಮ ಅಪ್ಪನ ಕಾಡಿಗೇನು ಬರವೇ?"

ಪರೀಕ್ಷಕನ ಪಿತ್ತ ನೆತ್ತಿಗೇರಿತು. "ನಾಚಿಕೆ ಆಗೋದಿಲ್ವೇನಯ್ಯಾ? ಅರಮನೆಗೆಲ್ಲ ಅನ್ನ ಹಾಕೋ ಹೆಂಗಸಿನ ಒಲೆ ಆರಿಸಿ, ಅವಳನ್ನ ಬೀದಿಗೆ ತಳ್ಳಿ, ನೀನಿಲ್ಲಿ ಬೆಳಗಿಂದ ಬರೀ ಹಬೆ ಕಾಯಿಸ್ತಾ ಇದೀಯಾ? ನಿನಗೆ ತಾಮ್ರಪಟ ಬೇರೆ ಕೇಡು! ನೀನೂ ಒಬ್ಬ ದೊರೆಯೇ..."

ಮಾತು ಅಲ್ಲೇ ನಿಂತಿತು. ದೊರೆ ಹಂಡೆ ನೋಡಿದ. ಪಂತರನ್ನು ನೋಡಿದ, ಪಂತರು ನೆಲ ನೋಡುತ್ತಿದ್ದರು. ಕೊಟ್ರಯ್ಯ ಮೆಲ್ಲಗೆ ತನ್ನ ಕುತ್ತಿಗೆ ಮುಟ್ಟಿ ನೋಡಿಕೊಂಡ.

ದೊರೆ ಮೀಸೆಯಿಂದ ಕೈ ತೆಗೆದ. "ಕೊಟ್ರಯ್ಯಾ... ಇಂಥ ದೊರೆಗೆ ಏನು ಮಾಡಬೇಕೋ?"

"ನನ್ನ ಕೇಳಿದ್ರೆ?" ಕೊಟ್ರಯ್ಯ ಕೈಮುಗಿದ. "ಅದನ್ನ ಪರೀಕ್ಷಕರೇ ಹೇಳಬೇಕು ಬುದ್ಧಿ. ನಾನು ಬರೀ ದೊರೆ!"

ದೊರೆ ನಕ್ಕ ನಗೆಗೆ ಹಿತ್ತಲ ಗೋಡೆಯ ಕಾಗೆಗಳೆಲ್ಲ ಎದ್ದು ಹಾರಿದವು. ನಗುತ್ತಲೇ ತನ್ನ ಕೊರಳಿನ ಸರ ತೆಗೆದು ಕೊಟ್ರಯ್ಯನಿಗೆ ಹಾಕಿದ. ಹೊನ್ನವ್ವನನ್ನು ಕರೆಸಿ ಒಲೆ ಹಚ್ಚಲು ಹೇಳಿದ. ಆಮೇಲೆ ಪಂಚೆ ಎತ್ತಿ ಕಟ್ಟಿ, "ಸೌದೆ ಎಳೀರೋ ಹೊರಗೆ, ನೀರು ಕಾದಿದೆ!" ಅನ್ನುತ್ತ ಸೀದಾ ಬಚ್ಚಲಿಗೆ ನಡೆದ.