ಹಳ್ಳದ ಈಚೆ ದಡ

ಹಿಮಾಲಯದ ತಪ್ಪಲಿನಲ್ಲಿ, ಹೊಳೆಯ ದಂಡೆಯ ಮೇಲೆ, ನಿತ್ಯಬೋಧರೆಂಬ ಸನ್ಯಾಸಿಗಳ ಪುಟ್ಟ ಆಶ್ರಮವಿತ್ತು. ಅವರು ಕನ್ನಡ ನಾಡಿನಿಂದ ಬಂದು ಅಲ್ಲಿ ನೆಲೆಸಿದವರು. ಅವರಿಗೆ ವಯಸ್ಸಾಗಿತ್ತು. ಜೊತೆಗಿದ್ದವನು ಒಬ್ಬನೇ ಶಿಷ್ಯ, ಶಾಂತವೀರ.

ಒಂದು ಬೆಳಿಗ್ಗೆ ಮೇಲಿನ ಬೆಟ್ಟದಿಂದ ಫೋನು ಬಂತು. ಗುರುಗಳ ಜೊತೆಯಲ್ಲೇ ದೀಕ್ಷೆ ಪಡೆದಿದ್ದ ಅಚ್ಯುತರು ಹಾಸಿಗೆ ಹಿಡಿದಿದ್ದರು. ಅವರಿಗೆ ಅಡುಗೆ ಮಾಡಿಕೊಡುತ್ತಿದ್ದ ಬಚನಿದೇವಿ ಮಾತಾಡಿದಳು. ನೀರೂ ಗಂಟಲಲ್ಲಿ ಇಳಿಯುತ್ತಿಲ್ಲ, ನಿಮ್ಮನ್ನೇ ಕೇಳುತ್ತಿದ್ದಾರೆ ಅಂದಳು.

ಹರೆಯದಲ್ಲಿ ಅಚ್ಯುತರೂ ಇವರೂ ಒಂದೇ ಕಂಬಳಿ ಹೊದ್ದು ಮಲಗಿದವರು. ಮುಖ ನೋಡಿ ವರ್ಷಗಳೇ ಆಗಿದ್ದವು.

ಗುರುಗಳು ಮಂಡಿ ಹಿಡಿದುಕೊಂಡು ಎದ್ದರು. ಶಾಲು ಹೆಗಲಿಗೆ ಹಾಕಿಕೊಂಡರು.

"ಆಶ್ರಮದ ಜೀಪಿದೆಯಲ್ಲ, ನಾನೇ ಓಡಿಸುತ್ತೇನೆ," ಅಂದ ಶಾಂತವೀರ. ಇಲ್ಲಿಗೆ ಬರುವ ಮುಂಚೆ ಅವನು ಹುಬ್ಬಳ್ಳಿ ಕಡೆ ಲಾರಿ ಓಡಿಸುತ್ತಿದ್ದವನು. ಒಳ್ಳೆಯ ಕೈ.

"ಆ ದಾರಿಯಲ್ಲಿ ಹೋಗಿದ್ದೀಯಾ?"

"ಇಲ್ಲ. ಹೋದರೆ ಗೊತ್ತಾಗುತ್ತದೆ."

"ಖುಶಾಲ್ ಸಿಂಗ್ ಬರಲಿ," ಅಂದರು ಗುರುಗಳು.

ಖುಶಾಲ್ ಸಿಂಗ್ ಆ ಬೆಟ್ಟದಲ್ಲೇ ಹುಟ್ಟಿ, ಅಲ್ಲೇ ಗಾಡಿ ಓಡಿಸುತ್ತಾ ತಲೆ ನರೆತವನು. ಅವತ್ತು ಬೇರೆ ಬಾಡಿಗೆಗೆ ಹೋಗಿದ್ದ. ಗುರುಗಳು ಆಶ್ರಮದ ಬಾಗಿಲಲ್ಲಿ, ರಸ್ತೆಗೆ ಮುಖ ಮಾಡಿ ಕೂತರು. ಶಾಂತವೀರ ಒಳಗೂ ಹೊರಗೂ ಓಡಾಡಿದ.

"ಗುರುಗಳೇ, ಹೊತ್ತು ಹೋಗುತ್ತಿದೆ."

"ಗೊತ್ತು."

ಖುಶಾಲ್ ಸಿಂಗ್ ಬಂದಾಗ ಬಿಸಿಲು ನೆತ್ತಿ ದಾಟಿತ್ತು. ನಿದ್ದೆಗೆಟ್ಟು ಕಣ್ಣು ಕೆಂಪಗಾಗಿದ್ದವು. ವಿಷಯ ಕೇಳಿದ, ಮುಖ ತೊಳೆದುಕೊಂಡ, ಜೀಪಿನ ಚಕ್ರಗಳನ್ನು ಒಂದೊಂದಾಗಿ ಒತ್ತಿ ನೋಡಿದ. ಆಮೇಲೆ ಹೊರಟರು.

ದಾರಿ ಏರುತ್ತಾ ಹೋಯಿತು. ಒಂದು ಕಡೆ ಗೋಡೆಯ ಹಾಗೆ ಗುಡ್ಡ, ಇನ್ನೊಂದು ಕಡೆ ಏನೂ ಇಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಒಂದು ಹಳ್ಳ ಅಡ್ಡ ಬಂತು. ಸೇತುವೆ ಇಲ್ಲ, ನೀರು ರಸ್ತೆಯ ಮೇಲೇ ಹರಿದುಹೋಗುತ್ತಿತ್ತು. ಈಚೆ ದಡದಲ್ಲಿ ಒಂದು ಚಹಾ ಅಂಗಡಿ. ಖುಶಾಲ್ ಸಿಂಗ್ ಅದರ ಮುಂದೆ ಜೀಪು ನಿಲ್ಲಿಸಿ ಇಳಿದ. ನೀರಿನ ಅಂಚಿನವರೆಗೆ ಹೋಗಿ ನಿಂತ. ತಿರುಗಿ ಬಂದ.

"ಇವತ್ತು ಮುಂದೆ ಹೋಗುವುದು ಬೇಡ ಬಾಬಾ."

ಶಾಂತವೀರ ಇಳಿದು ನೋಡಿದ. "ಮೊಣಕಾಲೂ ಮುಳುಗುವುದಿಲ್ಲ. ಆಕಾಶದಲ್ಲಿ ಒಂದು ಮೋಡ ಇಲ್ಲ."

"ಇಲ್ಲಿ ಇಲ್ಲ," ಅಂದ ಖುಶಾಲ್ ಸಿಂಗ್. "ನೀರು ನೋಡು ಭಾಯಿ. ಯಾವಾಗಲೂ ತಿಳಿಯಾಗಿರುತ್ತದೆ, ಈಗ ಮಣ್ಣಿನ ಬಣ್ಣಕ್ಕೆ ತಿರುಗಿದೆ. ಮೇಲೆ ಎಲ್ಲೋ ಗುಡ್ಡ ಸಡಿಲ ಆಗಿದೆ."

"ಕುಸಿದು ಬೀಳುವುದು ಗ್ಯಾರಂಟಿಯಾ?"

"ಇಲ್ಲ."

"ಮತ್ತೆ?"

"ಎಷ್ಟೋ ಸಲ ಬೀಳುವುದಿಲ್ಲ. ಬಿದ್ದಾಗ ಕೆಳಗಿನಿಂದ ಜನರನ್ನು ಎತ್ತಿ ತರಲು ನಮ್ಮನ್ನೇ ಕರೆಯುತ್ತಾರೆ."

ಶಾಂತವೀರ ಗುರುಗಳ ಕಡೆ ತಿರುಗಿದ. ಗುರುಗಳು ಹಳ್ಳದ ಆಚೆಗೆ ನೋಡುತ್ತಿದ್ದರು. ಎದುರಿಗೇ ಬೆಟ್ಟದ ನೆತ್ತಿ ಕಾಣುತ್ತಿತ್ತು. ಅದರ ಹಿಂದೆಯೇ ಅಚ್ಯುತರ ಕುಟೀರ.

"ಹೋಗುವುದಾದರೆ ಎಷ್ಟು ಹೊತ್ತಿಗೆ ತಲುಪುತ್ತೇವೆ?" ಅಂದರು.

"ದೀಪ ಹಚ್ಚುವ ಹೊತ್ತಿಗೆ, ಬಾಬಾ."

"ನಡೆದು?"

"ನಡೆದರೂ ದಾಟಬೇಕಾದ್ದು ಇದೇ ಹಳ್ಳ."

ಗುರುಗಳು ಇನ್ನೂ ಸ್ವಲ್ಪ ಹೊತ್ತು ಬೆಟ್ಟ ನೋಡಿದರು.

"ಸರಿ. ಇಲ್ಲೇ ಇರೋಣ."

ಖುಶಾಲ್ ಸಿಂಗ್ ಅಂಗಡಿಯ ಬೆಂಚಿನ ಮೇಲೆ ಮುದುರಿಕೊಂಡು ಮಲಗಿದ. ಮಲಗಿದ ಕೂಡಲೇ ನಿದ್ದೆ ಹೋದ. ಶಾಂತವೀರ ಅವನನ್ನೇ ನೋಡುತ್ತಾ ನಿಂತ. ಮೇಲೆ ಒಬ್ಬರು ದಾರಿ ಕಾಯುತ್ತಿದ್ದಾರೆ, ಇವನು ಗೊರಕೆ ಹೊಡೆಯುತ್ತಿದ್ದಾನೆ.

ಬೀಗದ ಕೈ ಜೀಪಿನಲ್ಲೇ ಇತ್ತು. ಗುರುಗಳು ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಒರಗಿದ್ದರು. ಶಾಂತವೀರ ಮುಂದೆ ಹತ್ತಿ ಕೂತು ಗಾಡಿ ಚಾಲೂ ಮಾಡಿದ.

"ಗುರುಗಳೇ, ಗಟ್ಟಿಯಾಗಿ ಹಿಡಿದುಕೊಳ್ಳಿ. ಆಚೆ ದಡ ಮುಟ್ಟಿಸುವುದು ನನ್ನ ಜವಾಬ್ದಾರಿ."

ಹಿಂದಿನ ಬಾಗಿಲು ತೆರೆದ ಸದ್ದಾಯಿತು. ಗುರುಗಳು ಒಂದು ಕಾಲು ಇಳಿಸಿ, ಸುಧಾರಿಸಿಕೊಂಡು, ಇನ್ನೊಂದು ಕಾಲು ಇಳಿಸಿದರು. ಜೀಪಿಗೆ ಕೈಯಾನಿಸಿಕೊಂಡು ಮುಂದಕ್ಕೆ ಬಂದರು. ಶಾಲನ್ನು ರಸ್ತೆಯ ಮೇಲೆ ಹಾಸಿ, ಚಕ್ರಗಳ ಎದುರಿಗೆ ಕೂತುಬಿಟ್ಟರು.

ಶಾಂತವೀರ ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಅವರನ್ನು ನೋಡುವ ಆಸೆ ನಿಮಗಿಲ್ಲವೇ?"

"ಇದೆ."

"ಹಾಗಾದರೆ ಹೋಗೋಣ ಅನ್ನಿ. ನಿಮ್ಮ ಮಾತೊಂದು ಸಾಕು ನನಗೆ."

"ಇವತ್ತು ನನ್ನ ಮಾತು ಕೇಳಬೇಡ, ಮಗು. ನನಗೆ ಹೋಗಬೇಕು ಅಂತಿದೆ."

ಎಂಜಿನ್ನು ಸುಮ್ಮನೆ ಗುರುಗುಡುತ್ತಿತ್ತು. ಕೊನೆಗೆ ಶಾಂತವೀರ ಅದನ್ನು ಆರಿಸಿದ.

ಸದ್ದಿಗೆ ಖುಶಾಲ್ ಸಿಂಗ್ ಎದ್ದು ಬಂದಿದ್ದ. ರಸ್ತೆಯಲ್ಲಿ ಕೂತ ಗುರುಗಳನ್ನು ನೋಡಿದ, ಸ್ಟೇರಿಂಗ್ ಹಿಡಿದು ಕೂತ ಶಾಂತವೀರನನ್ನು ನೋಡಿದ. ಗುರುಗಳ ತೋಳಿಗೆ ಕೈ ಕೊಟ್ಟು ಎಬ್ಬಿಸಿದ.

ಆ ರಾತ್ರಿ ಅಂಗಡಿಯಲ್ಲೇ ಮಲಗಿದರು.

ಬೆಳಗಾದಾಗ ನೀರು ತಿಳಿಯಾಗಿತ್ತು. ಖುಶಾಲ್ ಸಿಂಗ್ ಮೊದಲು ತಾನೊಬ್ಬನೇ ನಡೆದು ದಾಟಿ, ಗುಡ್ಡದ ಕಡೆ ಕತ್ತೆತ್ತಿ ನೋಡಿ ಬಂದ. ಆಮೇಲೆ ಜೀಪು ಇಳಿಸಿದ. ಹಳ್ಳ ದಾಟಿತು.

ಶಾಂತವೀರ ಪ್ರತಿ ತಿರುವಿನಲ್ಲೂ ಕಣ್ಣಿಟ್ಟು ಹುಡುಕಿದ. ಎಲ್ಲಾದರೂ ಒಂದು ಬಂಡೆ ಬಿದ್ದಿರಲಿ, ಒಂದಿಷ್ಟು ಮಣ್ಣಾದರೂ ಜಾರಿರಲಿ ಅನ್ನಿಸುತ್ತಿತ್ತು ಅವನಿಗೆ. ರಸ್ತೆ ಗುಡಿಸಿಟ್ಟ ಹಾಗಿತ್ತು.

ಬಚನಿದೇವಿ ಕುಟೀರದ ಹೊರಗೆ ಕೂತಿದ್ದಳು. ಜೀಪು ನಿಂತರೂ ಏಳಲಿಲ್ಲ.

"ಬೆಳಕು ಹರಿಯುವ ಹೊತ್ತಿಗೆ ಹೋದರು," ಅಂದಳು.

ಗುರುಗಳು ಒಳಗೆ ಹೋಗಿ ಅಚ್ಯುತರ ಪಕ್ಕದಲ್ಲಿ ಕೂತರು. ಕೈ ಮುಟ್ಟಿದರು. ಸರಿದಿದ್ದ ಹೊದಿಕೆಯನ್ನು ಎಳೆದು ಪಾದ ಮುಚ್ಚಿದರು.

ಬಚನಿದೇವಿ ಬಾಗಿಲಿಗೆ ಬಂದು ನಿಂತಳು. "ಸಂಜೆಯೆಲ್ಲಾ ಮಾತಾಡುತ್ತಲೇ ಇದ್ದರು ಬಾಬಾ. ನೀವು ಬರುತ್ತೀರಿ, ಬಾಗಿಲು ತೆಗೆದೇ ಇಡು ಅಂದರು. ಆಮೇಲೆ ಗಾಳಿ ಜೋರಾಯಿತು. ನಾನೇ ಹಾಕಿದೆ."

"ಒಳ್ಳೆಯದು ಮಾಡಿದೆ ತಾಯಿ. ಅವನಿಗೆ ಚಳಿ ಅಂದರೆ ಆಗುತ್ತಿರಲಿಲ್ಲ," ಅಂದರು ಗುರುಗಳು.

ಊರಿನವರು ಬಂದರು. ಕುಟೀರದ ಹಿಂದೆ ಸಮಾಧಿಗೆ ಗುಂಡಿ ತೋಡಿದರು. ಖುಶಾಲ್ ಸಿಂಗ್ ಯಾರ ಮುಖವನ್ನೂ ನೋಡದೆ ಗುದ್ದಲಿ ತೆಗೆದುಕೊಂಡು, ಕೊನೆಯವರೆಗೂ ಅಗೆದ.

ಎಲ್ಲಾ ಮುಗಿದ ಮೇಲೆ ಗುರುಗಳು ಅಂಗಳದ ಕಲ್ಲಿನ ಮೇಲೆ ಕೂತರು. ಬೆರಳುಗಳಲ್ಲಿ ಸಮಾಧಿಯ ಮಣ್ಣಿತ್ತು. ಶಾಂತವೀರ ತಂಬಿಗೆಯಲ್ಲಿ ನೀರು ತಂದು ಅವರ ಕೈಮೇಲೆ ಹೊಯ್ದ.

"ಗುರುಗಳೇ, ಏನೂ ಬಿದ್ದಿರಲಿಲ್ಲ."

"ಹೌದು."

"ನಿನ್ನೆ ದಾಟಿದ್ದರೆ ಅವರ ಜೊತೆ ಮಾತಾಡುತ್ತಿದ್ದಿರಿ."

"ಹೌದು."

"ಅವನ ಮಾತು ಕೇಳಿದ್ದರಿಂದ ನಮಗೇನು ಸಿಕ್ಕಿತು?"

ಗುರುಗಳು ಕೈಯನ್ನು ಹಾಗೇ ಚಾಚಿ ಹಿಡಿದಿದ್ದರು. ಶಾಂತವೀರ ಇನ್ನಷ್ಟು ನೀರು ಹೊಯ್ದ.

ಖುಶಾಲ್ ಸಿಂಗ್ ಅಂಗಳದ ಅಂಚಿಗೆ ಬಂದು ನಿಂತ. ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ. ಇವರೊಡನೆ ಹಿಂದಿಯಲ್ಲೇ ಮಾತಾಡುತ್ತಿದ್ದ ಅವನಿಗೆ ಕನ್ನಡ ಬರುತ್ತಿರಲಿಲ್ಲ. ಆದರೂ ಆಡಿದ ಮಾತು ಏನೆಂದು ತಿಳಿದಿತ್ತು.

"ಬಾಬಾ, ತಪ್ಪಾಯಿತು. ದಾರಿ ಚೆನ್ನಾಗಿಯೇ ಇತ್ತು. ನಿನ್ನೆ ದಾಟಿಸಬಹುದಿತ್ತು."

ಅವನು ಟೋಪಿಯನ್ನು ಕೈಯಲ್ಲೇ ತಿರುಗಿಸಿದ.

"ನನ್ನಿಂದಾಗಿ ನಿಮಗೆ ಅವರು ಸಿಗಲಿಲ್ಲ. ಇಳಿಯುವಾಗ ಭಾಯಿಯೇ ಓಡಿಸಲಿ. ಅವರ ಕೈ ಚೆನ್ನಾಗಿದೆ. ನಾನು ಹಿಂದೆ ಕೂರುತ್ತೇನೆ."

ಶಾಂತವೀರ ತಂಬಿಗೆ ಕೆಳಗಿಟ್ಟ. ತಲೆಯೆತ್ತಲಿಲ್ಲ.

ಗುರುಗಳು ಒದ್ದೆ ಕೈಯನ್ನು ಶಾಲಿಗೆ ಒರೆಸಿಕೊಂಡರು. ಏಳಲು ನೋಡಿದರು, ಆಗಲಿಲ್ಲ. ಖುಶಾಲ್ ಸಿಂಗನ ಕಡೆ ಕೈ ಚಾಚಿದರು. ಅವನು ಓಡಿ ಬಂದು ಹಿಡಿದುಕೊಂಡ.

ಎದ್ದು ನಿಂತ ಮೇಲೂ ಅವನ ತೋಳನ್ನು ಬಿಡದೆ ಗುರುಗಳು ಹೇಳಿದರು: "ನಾಳೆ ಇಳಿಯುವಾಗಲೂ, ನಿನಗೆ ಬೇಡ ಅನ್ನಿಸಿದ ಕಡೆ ನಿಲ್ಲಿಸು."