ಹಾಲಿನ ಗಾಡಿಯ ಕ್ಯಾಮೆರಾ

“ಕಂಡದ್ದನ್ನು ಕಂಡ ಹಾಗೆಯೇ ನಾಲ್ಕು ಜನಕ್ಕೆ ತೋರಿಸಿದರೆ ಅದರಲ್ಲಿ ತಪ್ಪೇನು ಗುರುಗಳೇ?” ಎಂದು ಶಂಭುಲಿಂಗ ಕೇಳಿದ.

ಅವನು ಮಠದ ಜೀಪು ಓಡಿಸುತ್ತಿದ್ದ ಶಿಷ್ಯ. ಜೀಪಿನ ಮುಂದಿನ ಗಾಜಿಗೆ ಒಂದು ಕ್ಯಾಮೆರಾ ಇತ್ತು. ಆ ದಿನ ಬೆಳಿಗ್ಗೆ ಅದರಲ್ಲಿ ಇಬ್ಬರು ಅಪರಿಚಿತರು ಸೆರೆಯಾಗಿದ್ದರು. ಅವರು ಮನೆ ಮನೆಯ ಗೇಟಿನೊಳಗೆ ಇಣುಕಿ ನೋಡುತ್ತ ನಡೆದಿದ್ದರು. ಆ ವಿಡಿಯೋವನ್ನು ಊರಿನವರ ಮೊಬೈಲ್ ಗುಂಪಿಗೆ ಹಾಕಬೇಕೋ ಬೇಡವೋ ಎಂಬುದು ಅವನಿಗೆ ಬಗೆಹರಿದಿರಲಿಲ್ಲ.

ಗುರುಗಳು ಹೇಳತೊಡಗಿದರು.

ಒಬ್ಬ ಚಾಲಕನಿದ್ದ. ದಿನವೂ ಏಳು ಹಳ್ಳಿ ಸುತ್ತಿ ಡೇರಿಗೆ ಹಾಲಿನ ಕ್ಯಾನುಗಳನ್ನು ತಲುಪಿಸುವುದು ಅವನ ಕೆಲಸ. ಅಪಘಾತವಾದರೆ ಸಾಕ್ಷಿಗೆ ಇರಲಿ ಎಂದು ಗಾಡಿಯ ಮಾಲೀಕರು ಕ್ಯಾಮೆರಾ ಕೂರಿಸಿದ್ದರು.

ಒಂದು ಬೆಳಿಗ್ಗೆ ಅಂಗನವಾಡಿಯ ಮುಂದೆ ಒಬ್ಬ ಗಂಡಸು ನಿಂತಿದ್ದ. ಹೆಗಲ ಮೇಲೆ ಚೀಲ. ಒಳಗೆ ಹೋಗುತ್ತಿದ್ದ ಮಕ್ಕಳನ್ನೇ ನೋಡುತ್ತಿದ್ದ. ಚಾಲಕ ವೇಗ ತಗ್ಗಿಸಿ ಅವನನ್ನು ನೋಡಿದ. ಹಾಲಿಗೆ ಹೊತ್ತಾಗುತ್ತಿತ್ತು, ಮುಂದೆ ಹೋದ. ಡೇರಿಗೆ ಹೋದ ಮೇಲೂ ಮನಸ್ಸು ತಡೆಯಲಿಲ್ಲ. ವಿಡಿಯೋವನ್ನು ಏಳೂ ಹಳ್ಳಿಗಳ ಗುಂಪುಗಳಿಗೆ ಕಳಿಸಿದ. “ಯಾರೋ ಗೊತ್ತಿಲ್ಲ, ಎಚ್ಚರವಾಗಿರಿ” ಎಂದಷ್ಟೇ ಬರೆದ. ಅದರಲ್ಲಿ ಸುಳ್ಳಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅದೇ ವಿಡಿಯೋ ಅವನಿಗೇ ವಾಪಸ್ ಬಂತು. ಈಗ ಅದರ ಕೆಳಗೆ ‘ಮಕ್ಕಳ ಕಳ್ಳ’ ಎಂದಿತ್ತು. ಆ ಮಾತನ್ನು ಯಾರು ಸೇರಿಸಿದರೋ ಯಾರಿಗೂ ತಿಳಿಯದು. ನಾಲ್ಕನೆಯ ಹಳ್ಳಿಯಲ್ಲಿ ಜನ ಆ ಮನುಷ್ಯನನ್ನು ಹಿಡಿದು ಚೀಲ ಸುರಿದರು. ಚೀಲದ ತುಂಬ ಹೆಂಗಸರ ತಲೆಗೂದಲು. ಯಾರ ಕೂದಲು, ಎಲ್ಲಿಯದು ಎಂದು ಕೇಳುತ್ತಲೇ ಹೊಡೆದರು. ಪೊಲೀಸರು ಬರುವಷ್ಟರಲ್ಲಿ ಅವನ ಒಂದು ಕಣ್ಣು ಹೋಗಿತ್ತು.

ಅವನು ಉದುರಿದ ಕೂದಲು ಕೊಂಡು ಸ್ಟೀಲಿನ ಪಾತ್ರೆ ಕೊಡುವವನು. ಮಕ್ಕಳನ್ನು ಬಿಡಲು ಬರುವ ತಾಯಂದಿರು ಒಟ್ಟಿಗೇ ಸಿಗುತ್ತಾರೆಂದು ಅಲ್ಲಿ ನಿಂತಿದ್ದ.

ಚಾಲಕ ಆಸ್ಪತ್ರೆಗೆ ಹೋದ. ಬಾಗಿಲಲ್ಲಿ ಕುಳಿತಿದ್ದ ಆ ಮನುಷ್ಯನ ಹೆಂಡತಿ, ನಮ್ಮವರು ನಿಮಗೆ ಗೊತ್ತೇನಣ್ಣಾ ಎಂದು ಕೇಳಿದಳು. ಅವನು ನೋಡಿದ್ದೇನೆ ಎಂದ. ತಂದಿದ್ದ ಬಾಳೆಹಣ್ಣು ಅಲ್ಲಿಟ್ಟು ಬಂದ. ಇನ್ನು ಯಾರ ಮುಖವನ್ನೂ ಯಾರಿಗೂ ಕಳಿಸಬಾರದೆಂದು ಅಂದೇ ನಿಶ್ಚಯಿಸಿದ.

ಒಂದು ವರ್ಷ ಕಳೆಯಿತು. ಕಾಲುವೆಯ ದಾರಿಯಲ್ಲಿ ಒಬ್ಬ ಗಂಡಸು ಒಂದು ಹೆಣ್ಣುಮಗುವಿನ ಕೈ ಹಿಡಿದು ಹೋಗುತ್ತಿದ್ದ. ಮಗು ಹಿಂದಕ್ಕೆ ಜಗ್ಗುತ್ತ ಅಳುತ್ತಿತ್ತು. ತಂದೆಯಿರಬಹುದು, ಮಗು ಹಟ ಮಾಡುತ್ತಿರಬಹುದು ಎಂದುಕೊಂಡು ಚಾಲಕ ಪಕ್ಕದಲ್ಲೇ ಹಾದುಹೋದ. ಡೇರಿ ತಲುಪಿ ವಿಡಿಯೋ ನೋಡಿದ. ಒಂದು ಕಣ್ಣಿನ ಮನುಷ್ಯ ನೆನಪಾದ. ವಿಡಿಯೋ ಅಳಿಸಿಬಿಟ್ಟ.

ಮೂರನೆಯ ದಿನ ಮಗುವಿನ ತಂದೆ ಅವನನ್ನು ಹುಡುಕಿಕೊಂಡು ಬಂದ. ಕೈಯಲ್ಲಿ ಮಗಳ ಫೋಟೋ ಇತ್ತು. ಅಣ್ಣಾ, ಆ ಹೊತ್ತಿಗೆ ಆ ದಾರಿಯಲ್ಲಿ ಬರುವುದು ನಿಮ್ಮದೊಂದೇ ಗಾಡಿ, ಕ್ಯಾಮೆರಾದಲ್ಲಿ ಏನಾದರೂ ಇದೆಯಾ ಎಂದು ಕೇಳಿದ. ಚಾಲಕ ಏನೂ ಇಲ್ಲ ಎಂದ. ಆ ಮಾತೂ ಸುಳ್ಳಲ್ಲ. ಆದರೆ ಆ ತಂದೆ ಬೀದಿಯ ತಿರುವು ದಾಟುವ ಮೊದಲೇ ಓಡಿಹೋಗಿ ನಡೆದದ್ದನ್ನೆಲ್ಲ ಹೇಳಿದ. ಇಬ್ಬರೂ ಪೊಲೀಸರ ಬಳಿಗೆ ಹೋದರು. ಹನ್ನೊಂದನೆಯ ದಿನ ಮಗು ದೂರದ ಒಂದು ರೈಲು ನಿಲ್ದಾಣದಲ್ಲಿ ಸಿಕ್ಕಿತು. ಬದುಕಿತ್ತು. ಮಾತು ಮಾತ್ರ ನಿಂತುಹೋಗಿತ್ತು.

ಗುರುಗಳು ಮುಂದುವರಿಸಿದರು. “ಆ ಚಾಲಕ ಇಲ್ಲಿಗೆ ಬಂದಿದ್ದ. ನೀನು ಕುಳಿತಲ್ಲೇ ಕುಳಿತಿದ್ದ. ‘ತೋರಿಸಿದೆ, ಒಬ್ಬನ ಕಣ್ಣು ಹೋಯಿತು. ಮುಚ್ಚಿಟ್ಟೆ, ಒಂದು ಮಗುವಿನ ಮಾತು ಹೋಯಿತು. ಮೂರನೆಯ ಸಲ ಯಾರಾದರೂ ಕಂಡರೆ ನಾನೇನು ಮಾಡಲಿ’ ಎಂದು ಅತ್ತ.”

ಶಂಭುಲಿಂಗನಿಗೆ ಮೊದಲಿದ್ದ ಗೊಂದಲ ಇನ್ನೂ ಹೆಚ್ಚಾಯಿತು. ಆ ಚಾಲಕ ಮೊದಲ ಸಲ ಮಾಡಿದ್ದು ತಪ್ಪೋ, ಎರಡನೆಯ ಸಲ ಮಾಡಿದ್ದು ತಪ್ಪೋ ಅವನಿಗೆ ಹೊಳೆಯಲಿಲ್ಲ. ಪೊಲೀಸರಿಗೆ ಮಾತ್ರ ಕೊಟ್ಟಿದ್ದರೆ ಸರಿಹೋಗುತ್ತಿತ್ತೇನೋ ಎಂದುಕೊಂಡ. ಆದರೆ ಬರೀ ನಿಂತು ನೋಡಿದವನ ಮೇಲೆ ದೂರು ಏನೆಂದು ಕೊಡುವುದು?

“ತಾವು ಅವನಿಗೆ ಏನು ಹೇಳಿದಿರಿ?” ಎಂದು ಕೇಳಿದ.

“ಆ ಎರಡು ದಿನಗಳಲ್ಲಿ ಒಂದು ದಿನವಾದರೂ ಗಾಡಿ ನಿಲ್ಲಿಸಿ ಇಳಿದೆಯಾ ಎಂದು ಕೇಳಿದೆ,” ಎಂದರು ಗುರುಗಳು.